ಓದುಗರ ಪ್ರಶ್ನೆ: ಸ್ಮಾಲ್ ಗ್ರ್ಯಾಂಟ್ ದುಡ್ಡಲ್ಲಿ ಆಮೆ ರಿಸರ್ಚ್ ಆಗುತ್ತಾ?

"ಸರ್, ಕೆರೆ ಆಮೆಗಳ ಮೇಲೆ ಕೆಲಸ ಮಾಡ್ಬೇಕು ಅಂತಿದೀನಿ. ಸಿಗೋ ಗ್ರ್ಯಾಂಟೆಲ್ಲ ಚಿಕ್ಕದು, ಅಷ್ಟರಲ್ಲಿ ನಾಲ್ಕು ಸ್ಯಾಟಲೈಟ್ ಟ್ಯಾಗೂ ಬರಲ್ಲ. ದೊಡ್ಡ ಫಂಡ್ ಸಿಗೋವರೆಗೂ ಕಾಯೋದೇ ವಾಸಿನಾ?"

ಕಾಯ್ಬೇಡಿ. ಈ ಪ್ರಶ್ನೆ ಎಷ್ಟನೇ ಸಲ ಬರ್ತಿದೆಯೋ ಲೆಕ್ಕ ಇಟ್ಟಿಲ್ಲ, ಕೇಳೋರು ಬದಲಾಗ್ತಾರೆ, ಕೆರೆ ಬದಲಾಗುತ್ತೆ, ಆ ಟ್ಯಾಗ್ ಮಾತ್ರ ಬದಲಾಗಲ್ಲ.

ಫಂಡ್ ವಿಷಯ ಬೇಗ ಮುಗಿಸ್ತೀನಿ. 2002ರಲ್ಲಿ ಶುರುವಾದ ಟರ್ಟಲ್ ಕನ್ಸರ್ವೇಶನ್ ಫಂಡ್ ಇದೆ. ಮೊಹಮದ್ ಬಿನ್ ಜಾಯೆದ್ ಫಂಡ್ ಇದೆ, ಅದು ಇಂಥದ್ದೇ ಪ್ರಭೇದ ಅಂತ ಹೆಸರು ಹಿಡಿದು ಕೇಳಿದ್ರೆ ಗರಿಷ್ಠ 25,000 ಡಾಲರ್ ತನಕ ಕೊಡುತ್ತೆ. ರಫರ್ಡ್ ಫೌಂಡೇಶನ್ ಇದೆ, ಅಲ್ಲಿ ಮೊದಲ ಸಣ್ಣ ಗ್ರ್ಯಾಂಟ್ ನೆಟ್ಟಗೆ ಮುಗಿಸಿದೋರು ಮುಂದಿನ ಹಂತಕ್ಕೆ ಅಪ್ಲೈ ಮಾಡಬಹುದು. ಅಂದ್ರೆ ನೀವು ಬೇಡ ಅಂತಿರೋ ಆ ಚಿಕ್ಕ ದುಡ್ಡೇ ದೊಡ್ಡದಕ್ಕೆ ಮೆಟ್ಟಿಲು.

ಈಗ ಟ್ಯಾಗ್, ಅಂದ್ರೆ ಚಿಪ್ಪಿಗೆ ಅಂಟಿಸಿ ಆಮೆ ಎಲ್ಲಿದೆ ಅಂತ ಸ್ಯಾಟಲೈಟ್ ಮೂಲಕ ತಿಳ್ಕೊಳ್ಳೋ ಯಂತ್ರ. ಈ ಹುಚ್ಚು ಬಂದಿದ್ದು ಕಡಲಾಮೆ ಡಾಕ್ಯುಮೆಂಟರಿಗಳಿಂದ. ಕಡಲಾಮೆ ಇರೋದು ಏಳೇ ಏಳು ಜಾತಿ, ಸಾವಿರಾರು ಕಿಲೋಮೀಟರ್ ಈಜ್ತವೆ, ಅವಕ್ಕೆ ಸ್ಯಾಟಲೈಟ್ ಬೇಕು, ಒಪ್ಕೊಳ್ಳೋಣ. ಮಿಕ್ಕ ಮುನ್ನೂರಕ್ಕೂ ಹೆಚ್ಚು ಜಾತಿಗಳು ನೆಲದ ಮೇಲೆ, ಹೊಳೆ ಕೆರೆ ಕೆಸರಲ್ಲಿ ಇರೋವು, ಅದರಲ್ಲಿ ಎಷ್ಟೋ ಆಮೆಗಳು ವರ್ಷಗಟ್ಟಲೆ ಅದೇ ಕೆರೆ, ಅದೇ ಮರದ ದಿಮ್ಮಿ ಬಿಟ್ಟು ಕದಲಲ್ಲ. ಸಾಮಾನ್ಯ ಸ್ಯಾಟಲೈಟ್ ಟ್ಯಾಗ್ ಹೇಳೋ ಜಾಗದಲ್ಲಿ ನೂರಾರು ಮೀಟರ್ ಹೆಚ್ಚುಕಮ್ಮಿ ಆಗೋದು ಮಾಮೂಲು, ನಿಮ್ಮ ಕೆರೆ ಅಗಲಾನೇ ಅಷ್ಟಿಲ್ಲ! ಆಮೆ ನೀರೊಳಗೆ ಮುಳುಗಿದ್ರೆ ಸಿಗ್ನಲ್ಲೂ ಬರಲ್ಲ. ಇಷ್ಟು ಖರ್ಚು ಮಾಡಿ ಕೊನೆಗೆ ಗೊತ್ತಾಗೋದು ಏನಪ್ಪಾ ಅಂದ್ರೆ, ಕೆರೆ ಆಮೆ ಕೆರೆಯಲ್ಲಿದೆ.

ಬೇಕಾಗಿರೋದು ಕಬ್ಬಿಣ ಉಜ್ಜೋ ಮೂರು ಮೂಲೆ ಅರ, ಅಳತೆಗೆ ಒಂದು ಕ್ಯಾಲಿಪರ್, ತೂಕದ ಸ್ಪ್ರಿಂಗ್, ಆಮೆ ಹಿಡಿಯೋಕೆ ಬಲೆ ಬುಟ್ಟಿಗಳು, ಒಂದು ನೋಟ್‌ಬುಕ್. ಗಟ್ಟಿ ಚಿಪ್ಪಿನ ಅಂಚಲ್ಲಿ ಒಂದೊಂದು ಬದಿಗೂ ಸಾಮಾನ್ಯವಾಗಿ ಹನ್ನೆರಡು ಬಿಲ್ಲೆ ಇರುತ್ತೆ, ಹೊಟ್ಟೆ ಚಿಪ್ಪು ಬಂದು ಸೇರೋ ಬಿಲ್ಲೆಗಳನ್ನ ಬಿಟ್ಟು ಮಿಕ್ಕವುಗಳಲ್ಲಿ ಅರದಿಂದ ಸಣ್ಣ ಕಚ್ಚು ಹಾಕಿದ್ರೆ, ಬಲಕ್ಕೆ ಎಷ್ಟನೇದು ಎಡಕ್ಕೆ ಎಷ್ಟನೇದು ಅನ್ನೋದೇ ಆ ಆಮೆ ನಂಬರು.

ಅಮೆರಿಕದ ಮಿಷಿಗನ್‌ನ ಇ. ಎಸ್. ಜಾರ್ಜ್ ರಿಸರ್ವ್‌ನಲ್ಲಿ 1954ರಲ್ಲಿ ಒಂದು ಹೆಣ್ಣು ಬ್ಲ್ಯಾಂಡಿಂಗ್ ಆಮೆಗೆ ಹೀಗೇ ಕಚ್ಚು ಹಾಕಿದ್ರು, ಅದರ ಹೆಸರೇ 3ಆರ್11ಎಲ್, ಅಂದ್ರೆ ಬಲಕ್ಕೆ ಮೂರು, ಎಡಕ್ಕೆ ಹನ್ನೊಂದು. 2016ರಲ್ಲಿ ಅದೇ ಆಮೆ ಮತ್ತೆ ಸಿಕ್ತು. 62 ವರ್ಷ ಆದ್ಮೇಲೂ ಗುರುತು ಓದೋಕಾಯ್ತು. ಯಾವ ಬ್ಯಾಟರಿ ಬರುತ್ತೆ ಹೇಳಿ ಅಷ್ಟು ವರ್ಷ?

ಕೆರೆಯಲ್ಲಿ ಒಟ್ಟು ಎಷ್ಟು ಆಮೆ ಇವೆ ಅನ್ನೋ ಲೆಕ್ಕಾನೂ ಈ ಕಚ್ಚಿಂದ ಸಿಗುತ್ತೆ. 40 ಆಮೆಗೆ ಗುರುತು ಹಾಕಿ ಬಿಟ್ರಿ, ಎರಡು ವಾರ ಬಿಟ್ಟು 30 ಹಿಡಿದ್ರಿ, ಅದರಲ್ಲಿ 12ಕ್ಕೆ ಗುರುತಿತ್ತು ಅಂದ್ಕೊಳ್ಳಿ. 40ನ್ನ 30ರಿಂದ ಗುಣಿಸಿ 12ರಿಂದ ಭಾಗಿಸಿ, ಹತ್ತಿರ ಹತ್ತಿರ ನೂರು ಆಮೆ. ಈ ನಡುವೆ ಹೊಸವು ಬಂದಿಲ್ಲ, ಇದ್ದವು ಹೋಗಿಲ್ಲ ಅಂತ ಇಟ್ಕೊಂಡು ಮಾಡೋ ಲೆಕ್ಕ ಇದು, ಪ್ರಪೋಸಲ್ಲಲ್ಲಿ ಆ ಮಾತೂ ಬರೀರಿ, ಬರೀದೇ ಇದ್ರೆ ಓದೋರು ಅಲ್ಲೇ ಹಿಡೀತಾರೆ.

ದುಡ್ಡು ನಿಜವಾಗ್ಲೂ ಖರ್ಚಾಗೋದು ಓಡಾಟಕ್ಕೆ, ಜೊತೆಗೆ ಬರೋರ ಕೂಲಿಗೆ, ಬುಟ್ಟಿಗೆ ಹಾಕೋ ಮೀನಿಗೆ. ಅಂದಹಾಗೆ ಬುಟ್ಟಿ ತಲೆ ನೀರಿಂದ ಮೇಲೇ ಇರ್ಬೇಕು, ರಾತ್ರಿ ನೀರು ಏರಿದ್ರೂ. ಆಮೆ ಉಸಿರಾಡೋಕೆ ಮೇಲೆ ಬರ್ಬೇಕು, ಇದನ್ನ ಮರೆತೋರು ಬೆಳಿಗ್ಗೆ ಎತ್ತೋದು ಸತ್ತ ಆಮೆನ. ಇನ್ನೊಂದು, ಮೆತ್ತನೆ ಚಿಪ್ಪಿನ ಆಮೆಗೆ ಅರ ಹಾಕೋಕೆ ಹೋಗ್ಬೇಡಿ, ಅದಕ್ಕೆ ಬಿಲ್ಲೇನೇ ಇಲ್ಲ, ಚರ್ಮದಡಿ ಮೈಕ್ರೋಚಿಪ್ ಹಾಕಿಸಿ. ಸರ್ಕಾರದ ಪರ್ಮಿಟ್ ಬೇರೆ, ಗ್ರ್ಯಾಂಟ್ ಲೆಟರ್ ಬೇರೆ, ಒಂದು ಇದ್ರೆ ಇನ್ನೊಂದು ಇದ್ದಂಗಲ್ಲ.

ಯಾರೂ ಕೇಳದೇ ಇದ್ರೂ ಇನ್ನೊಂದು ಹೇಳ್ಬಿಡ್ತೀನಿ, ಯಾಕಂದ್ರೆ ಅರ್ಧಕ್ಕರ್ಧ ಅಪ್ಲಿಕೇಶನ್‌ಗಳಲ್ಲಿ "ಚಿಪ್ಪಿನ ಉಂಗುರ ಎಣಿಸಿ ವಯಸ್ಸು ಕಂಡುಹಿಡೀತೀವಿ" ಅಂತ ಇರುತ್ತೆ. ಮರ ಅಂದ್ಕೊಂಡಿದೀರಾ? ಉಂಗುರ ಮೂಡೋದು ಬೆಳವಣಿಗೆ ನಿಂತು ಮತ್ತೆ ಶುರುವಾದಾಗ, ಮೇವು ಚೆನ್ನಾಗಿದ್ದ ವರ್ಷ ಎರಡು ಮೂಡಬಹುದು, ಇನ್ನೊಂದು ವರ್ಷ ಒಂದೂ ಇಲ್ಲ, ವಯಸ್ಸಾದ ಆಮೆ ಚಿಪ್ಪು ಸವೆದು ನುಣ್ಣಗಾಗಿರುತ್ತೆ. ಮರಿಗಳಲ್ಲಿ ಒಂದಷ್ಟು ನಂಬಬಹುದು, ಅದೂ ಗೊತ್ತಿರೋ ವಯಸ್ಸಿನ ಮರಿ ಜೊತೆ ಹೋಲಿಸಿ ನೋಡಿದ್ರೆ. ಆ ಮಿಷಿಗನ್ ಹೆಣ್ಣಿಗೂ 83 ವರ್ಷ ಅಂತ ಬರೆದಿಲ್ಲ, "ಕನಿಷ್ಠ 83" ಅಂತ ಬರೆದಿದಾರೆ. ಈ ಜಾತಿ ಹೆಣ್ಣು ಪ್ರಾಯಕ್ಕೆ ಬರೋಕೇ 14ರಿಂದ 20 ವರ್ಷ ಬೇಕು, 1954ರಲ್ಲಿ ಅರ ಹಾಕಿದಾಗಲೇ ಅದು ಬೆಳೆದ ಆಮೆ.