ಬಚ್ಚಲ ಒಲೆಗೂ ಬಾವಿಯ ನೀರಿಗೂ ಇರುವ ನಂಟು

ನಮ್ಮ ಮನೆಯ ಬಾವಿಯಲ್ಲಿ ಇಳಿಯೋದಕ್ಕೆ ಅಂತ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆಯನ್ನೇ ಕೊರೆದು ಮೆಟ್ಟಿಲು ಮಾಡಿದ್ದಾರೆ. ಜಡಿಮಳೆಯ ಆಟಿ ತಿಂಗಳಲ್ಲಿ ಒಂದು ಮೆಟ್ಟಿಲೂ ಕಾಣುವುದಿಲ್ಲ. ಬಗ್ಗಿದರೆ ಕೈಗೇ ನೀರು ಸಿಗುತ್ತದೆ. ಶಿವರಾತ್ರಿ ಕಳೆದ ಮೇಲೆ ಅಮ್ಮ ದಿನಾ ಬೆಳಿಗ್ಗೆ ಬಾವಿ ಇಣುಕಿ ಎಣಿಸುತ್ತಾರೆ. "ಇವತ್ತು ಒಂಬತ್ತನೇದು ಕಂಡಿತು ಮಾರಾಯ" ಅಂದರೆ ಆ ದಿನದಿಂದ ತೋಟದ ಪಂಪು ಬಂದ್. ಹನ್ನೊಂದನೇದು ಕಂಡರೆ ಬಟ್ಟೆ ಒಗೆಯೋದಕ್ಕೆ ಹಳ್ಳಕ್ಕೇ ಹೋಗಬೇಕು, ಅದೂ ಹಳ್ಳದಲ್ಲಿ ನೀರಿದ್ದರೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು. ಇದೇ ತಾಲ್ಲೂಕಿನ ಆಗುಂಬೆಯಲ್ಲಂತೂ 7000 ಮಿಲಿಮೀಟರ್ ಆಸುಪಾಸು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 2000 ಮಿಲಿಮೀಟರ್ ಅಂತ ಹಿಡಿದರೂ ಒಂದು ಎಕರೆಗೆ 80 ಲಕ್ಷ ಲೀಟರ್ ಆಯಿತು. ಇಷ್ಟು ನೀರು ತಲೆ ಮೇಲೆ ಬಿದ್ದ ಊರಿನಲ್ಲಿ ಏಪ್ರಿಲ್ ಬಂದರೆ ಟ್ಯಾಂಕರ್ ದಾರಿ ಕಾಯುವ ಮನೆಗಳಿವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾದಾಗ ಆ ಪಟ್ಟಿಯಲ್ಲಿ ಮಲೆನಾಡಿನ ತಾಲ್ಲೂಕುಗಳೂ ಇದ್ದವು.

ಮಳೆ ಬೀಳುವ ರೀತಿಯೂ ಬದಲಾಗುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಿಡಿದಿದ್ದನ್ನು ಬಿಡುವಾಗ ಒಮ್ಮೆಲೇ ಬಿಡುತ್ತದೆ. ವಾರಗಟ್ಟಲೆ ಜಿಟಿಜಿಟಿ ಹಿಡಿಯುತ್ತಿದ್ದ ಮಳೆಯ ಜಾಗದಲ್ಲಿ ಎರಡು ದಿನ ಧಾರಾಕಾರ, ಆಮೇಲೆ ಹತ್ತು ದಿನ ಬಿಸಿಲು. ಮಣ್ಣಿಗೆ ಕುಡಿಯೋದಕ್ಕೆ ಪುರುಸೊತ್ತೇ ಇಲ್ಲ. ನೀರು ಹಳ್ಳಕ್ಕೆ ಓಡುತ್ತದೆ, ಹಳ್ಳ ತುಂಗೆಗೆ ಓಡುತ್ತದೆ.

ಮಣ್ಣು ಎಷ್ಟು ಬೇಗ ಕುಡಿಯುತ್ತದೆ ಅನ್ನೋದನ್ನು ನೀವೇ ನೋಡಬಹುದು. ನಾನು ಮಾಡಿದ್ದು ಇಷ್ಟು. ಒಂದು ತಗಡಿನ ಡಬ್ಬದ ಎರಡೂ ಕಡೆ ಕತ್ತರಿಸಿ ಕೊಳವೆಯ ಹಾಗೆ ಮಾಡಿಕೊಂಡೆ. ಅದನ್ನು ನಮ್ಮ ಸೊಪ್ಪಿನ ಬೆಟ್ಟದ (ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡು) ದಟ್ಟ ಜಾಗದಲ್ಲಿ, ದರಗು, ಅಂದರೆ ಉದುರಿದ ಒಣ ಎಲೆ, ಹಾಸಿಕೊಂಡ ನೆಲಕ್ಕೆ ಎರಡು ಬೆರಳಿನಷ್ಟು ಒತ್ತಿ ಒಂದು ಚೊಂಬು ನೀರು ಹಾಕಿದೆ. ಚೊಂಬು ಕೆಳಗಿಡುವಷ್ಟರಲ್ಲಿ ಡಬ್ಬ ಖಾಲಿ. ಇನ್ನೊಂದು ಚೊಂಬು ಹಾಕಿದೆ, ಅದೂ ಹೋಯಿತು. ಅಲ್ಲಿಂದ ಇಪ್ಪತ್ತು ಹೆಜ್ಜೆ ಈಚೆ, ಸೊಪ್ಪು ಕಡಿದು ದರಗು ಗುಡಿಸಿ ದನ ತುಳಿದ ಬೋಳು ನೆಲದಲ್ಲಿ ಅದೇ ಡಬ್ಬ ಒತ್ತಿದೆ. ಒತ್ತೋದಕ್ಕೇ ಕಲ್ಲಿನಿಂದ ಗುದ್ದಬೇಕಾಯಿತು. ನೀರು ಹಾಕಿ ಮನೆಗೆ ಹೋಗಿ, ಕಾಫಿ ಕುಡಿದು ಬಂದು ನೋಡಿದರೆ ಅರ್ಧ ನೀರು ಹಾಗೇ ನಿಂತಿತ್ತು.

ದರಗು ತೆಗೆದು ಮಣ್ಣು ಕೆದಕಿದರೆ ಕಾರಣ ಕಾಣುತ್ತದೆ. ಮೇಲೆ ಒಣ ಎಲೆ, ಅದರ ಕೆಳಗೆ ಅರ್ಧ ಕೊಳೆತು ಕಪ್ಪಾದ ಎಲೆ, ಅದಕ್ಕೂ ಕೆಳಗೆ ಬಿಳಿ ನೂಲಿನಂಥ ಶಿಲೀಂಧ್ರ. ಎರೆಹುಳ ಕೊರೆದ ತೂತುಗಳು, ಸತ್ತ ಬೇರು ಕೊಳೆತು ಉಳಿದ ಕೊಳವೆಗಳು. ನೀರು ಇಳಿಯೋದು ಇವುಗಳಲ್ಲೇ. ಬೋಳು ನೆಲದಲ್ಲಿ ಮಳೆ ಹನಿ ನೇರವಾಗಿ ಬಡಿದು ಮಣ್ಣಿನ ಸಣ್ಣ ಕಣಗಳನ್ನು ಚದುರಿಸುತ್ತದೆ. ಆ ಕಣಗಳೇ ತೂತುಗಳನ್ನು ಮುಚ್ಚಿಬಿಡುತ್ತವೆ. ಮರಗಳೂ ನೀರು ಕುಡಿಯುತ್ತವೆ, ಅದು ನಿಜ. ಆದರೆ ಇಷ್ಟು ಮಳೆ ಸುರಿಯುವ ಇಳಿಜಾರಿನಲ್ಲಿ ಹಾಗೆ ಕುಡಿಯುವ ಮರಕ್ಕಿಂತ ಒಳಗೇ ಬಿಡದ ಬೋಳು ನೆಲವೇ ಬಾವಿಗೆ ದೊಡ್ಡ ನಷ್ಟ. ಇಂಗಿದ ನೀರು ಜಂಬಿಟ್ಟಿಗೆಯ ಸಂದುಗೊಂದುಗಳಲ್ಲಿ ನಿಧಾನಕ್ಕೆ ಸರಿದು ತಿಂಗಳುಗಳ ನಂತರ ಬಾವಿಯ ಒರತೆಯಾಗಿ ಕಾಣಿಸಿಕೊಳ್ಳುತ್ತದೆ. ತೋಟದ ಮೇಲಿನ ಬೆಟ್ಟ ಅಂದರೆ ಗೊಬ್ಬರದ ಸೊಪ್ಪು ಮಾತ್ರ ಅಲ್ಲ, ಬೇಸಿಗೆಯ ನೀರೂ ಹೌದು.

ಹಾಗಾದರೆ ಬೆಟ್ಟ ಯಾಕೆ ಬೋಳಾಯಿತು? ಕಾರಣ ಹಲವು ಇವೆ. ಆದರೆ ದಿನಾ ತಪ್ಪದೆ ಬೆಟ್ಟವನ್ನು ತಿನ್ನುವ ಒಂದು ಬಾಯಿ ನಮ್ಮ ಮನೆಯ ಹಿಂದೆಯೇ ಇದೆ. ಅದು ಬಚ್ಚಲ ಒಲೆ.

ಲೆಕ್ಕ ಹಾಕೋಣ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಬೇಕು ಅಂತಿಟ್ಟುಕೊಳ್ಳಿ. ಅದಕ್ಕೆ ಸುಮಾರು 12.6 ಮೆಗಾಜೂಲ್ ಶಾಖ ಬೇಕು. ಚೆನ್ನಾಗಿ ಒಣಗಿದ ಒಂದು ಕೆಜಿ ಸೌದೆಯಲ್ಲಿ ಸುಮಾರು 16 ಮೆಗಾಜೂಲ್ ಇರುತ್ತದೆ. ಅಂದರೆ ಒಂದು ಕೆಜಿಗಿಂತ ಕಡಿಮೆ ಸೌದೆ ಸಾಕು! ಆದರೆ ತೆರೆದ ಹಳೇ ಒಲೆಯಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಶಾಖ ಮಾತ್ರ ಹಂಡೆಗೆ ಸೇರುತ್ತದೆ. ಹಾಗಾಗಿ ಏಳೆಂಟು ಕೆಜಿ ಉರಿಸುತ್ತೇವೆ. ಹಸಿ ಸೌದೆಯಾದರೆ ಅದರೊಳಗಿನ ನೀರು ಆರಿಸೋದಕ್ಕೇ ಶಾಖದ ಒಂದಷ್ಟು ಪಾಲು ಹೋಗುತ್ತದೆ. ಕಣ್ಣು ಉರಿಸುವ ಆ ಹೊಗೆ ಏನು ಗೊತ್ತಾ? ಪೂರ್ತಿ ಉರಿಯದೆ ಉಳಿದ ಸೌದೆಯೇ ಅದು. ನಾವು ಬೆಟ್ಟದಿಂದ ಹೊತ್ತು ತಂದದ್ದು ಅಮ್ಮನ, ಅಜ್ಜಿಯ ಶ್ವಾಸಕೋಶ ಸೇರುತ್ತದೆ, ಉಳಿದದ್ದು ಆಕಾಶಕ್ಕೆ. ಕಡಿದಷ್ಟು ಮರ ಮತ್ತೆ ಬೆಳೆದರೆ ಇಂಗಾಲದ ಲೆಕ್ಕ ಸರಿಹೋಗುತ್ತದೆ. ಬೆಳೆಯದೆ ಇದ್ದರೆ ಅದು ಕಲ್ಲಿದ್ದಲು ಸುಟ್ಟ ಹಾಗೇ ಲೆಕ್ಕ.

ಇದಕ್ಕೆ ಪರಿಹಾರ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅನ್ನುವ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದೇ ಅದರ ಕೆಲಸ. ಅದನ್ನು ಕಟ್ಟಿದವರು ಎ.ಕೆ.ಎನ್. ರೆಡ್ಡಿ. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಸೂತ್ರ ಸರಳ. ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿಡಿ. ಸೌದೆಯ ಕೆಳಗೆ ಸರಳಿನ ಜಾಲರಿ ಇಟ್ಟು ಗಾಳಿ ಕೆಳಗಿನಿಂದ ಬರುವ ಹಾಗೆ ಮಾಡಿ. ಬಿಸಿ ಹೊಗೆ ಪಾತ್ರೆಯ ಬುಡ ಸವರಿಕೊಂಡು ಹೋಗಿ ಕೊಳವೆಯಿಂದ ಹೊರಬೀಳಲಿ. ನಮ್ಮ ಬಚ್ಚಲ ಒಲೆಯನ್ನು ಊರಿನ ಗಾರೆಯವರೇ ಎರಡು ದಿನದಲ್ಲಿ ಹೀಗೆ ತಿದ್ದಿಕೊಟ್ಟರು. ಸೌದೆ ಅರ್ಧದಷ್ಟು ಕಡಿಮೆಯಾಗಿದೆ. ಬಚ್ಚಲ ತೊಲೆಗೆ ಹೊಸ ಮಸಿ ಹಿಡಿದಿಲ್ಲ.

ಅಡಿಗೆಗೆ ಗೋಬರ್ ಗ್ಯಾಸ್. ಒಂದು ಕೆಜಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್. ದಿನಕ್ಕೆ 50 ಕೆಜಿ ಸಗಣಿ ಇದ್ದರೆ ಎರಡು ಘನ ಮೀಟರ್ ಸಾಮರ್ಥ್ಯದ ಗ್ಯಾಸ್ ಘಟಕ ನಡೆಯುತ್ತದೆ. ಮಲೆನಾಡು ಗಿಡ್ಡ ಚಿಕ್ಕ ದನ, ಸಗಣಿಯೂ ಕಡಿಮೆ. ಹಾಗಾಗಿ ಕೊಟ್ಟಿಗೆಯಲ್ಲಿ ಬರೀ ಗಿಡ್ಡಗಳಿದ್ದರೆ ಚಿಕ್ಕದನ್ನೇ ಕಟ್ಟಿಸಿ. ಒಳಗಿನ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಆಸುಪಾಸಿನ ಬಿಸಿ ಇಷ್ಟ. ಜುಲೈ ಚಳಿಯಲ್ಲಿ ಅವು ಮಂದವಾಗುತ್ತವೆ, ಒಲೆಯ ಉರಿ ಸಣ್ಣದಾಗುತ್ತದೆ. ಆಗ ಬಾವಿಯ ತಣ್ಣೀರಿನ ಬದಲು ಉಗುರುಬೆಚ್ಚಗಿನ ನೀರಲ್ಲಿ ಸಗಣಿ ಕಲಸಿದರೆ ಒಂದಿಷ್ಟು ಸುಧಾರಿಸುತ್ತದೆ. ಹೊರಬರುವ ಬಗ್ಗಡ ತೋಟಕ್ಕೆ. ಅದರಿಂದ ಬೆಟ್ಟದ ಸೊಪ್ಪಿನ ಮೇಲಿನ ಭಾರವೂ ಒಂದಿಷ್ಟು ಇಳಿಯುತ್ತದೆ. ಸೋಲಾರ್ ಹೀಟರ್ ಮಳೆಗಾಲದಲ್ಲಿ ನೆಚ್ಚಿಕೊಳ್ಳುವ ಹಾಗಿಲ್ಲ. ಉಳಿದ ಎಂಟು ತಿಂಗಳು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಇನ್ನು ಇಂಗುಗುಂಡಿ. ತಗ್ಗು ಇಳಿಜಾರಿನಲ್ಲಿ, ಮನೆಯಂಗಳದ ಸುತ್ತ, ಸೂರಿನ ನೀರು ಬೀಳುವ ಕಡೆ ಖಂಡಿತ ತೋಡಿ. ಆದರೆ ಕಡಿದಾದ ಗುಡ್ಡದಲ್ಲಿ, ಅದರಲ್ಲೂ ಕೆಳಗೆ ಮನೆಗಳಿದ್ದರೆ, ಸಾಲು ಟ್ರೆಂಚ್ ಹೊಡೆಯಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಮಣ್ಣಿನ ಸಂದುಗಳಲ್ಲಿ ನೀರು ಒಮ್ಮೆಲೇ ತುಂಬಿಕೊಂಡರೆ ಕಣಗಳ ಹಿಡಿತ ಸಡಿಲವಾಗಿ ಗುಡ್ಡವೇ ಜಾರಬಹುದು. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದನ್ನು ನೋಡಿದ್ದೇವಲ್ಲ. ಅಂಥ ಕಡೆ ಹಾರೆ ಗುದ್ದಲಿ ಬೇಡ. ದರಗು ಗುಡಿಸುವುದನ್ನು ಬಿಡಿ, ಹುಟ್ಟಿದ ಸಸಿಗಳನ್ನು ಸುಮ್ನೆ ಬೆಳೆಯೋದಕ್ಕೆ ಬಿಡಿ. ನಾವು ಬೆಟ್ಟದ ಒಂದು ಮೂಲೆಗೆ ಮುಳ್ಳುಬೇಲಿ ಹಾಕಿ ಬಿಟ್ಟೆವು. ಏನೂ ನೆಡಲಿಲ್ಲ. ಎರಡೇ ಮಳೆಗಾಲಕ್ಕೆ ಮತ್ತಿಯ ಹಳೇ ಬುಡಗಳು ಚಿಗುರಿದವು, ಹೊನ್ನೆ, ನೇರಳೆ ಸಸಿಗಳು ತಾವಾಗಿಯೇ ಎದ್ದವು.

ನಮ್ಮಲ್ಲಿ ಇನ್ನೂ ಬಗೆಹರಿಯದೆ ಉಳಿದಿರುವುದು ಅಡಿಕೆ ಬೇಯಿಸುವ ಹಂಡೆ. ಕೊಯ್ಲಿನ ದಿನಗಳಲ್ಲಿ ಅದು ತಿನ್ನುವ ಸೌದೆಯ ಮುಂದೆ ಬಚ್ಚಲ ಒಲೆ ಏನೂ ಅಲ್ಲ. ಈ ಸಲ ಪಕ್ಕದ ಮನೆ ಭಾವ ಮತ್ತು ನಾವು ಸೇರಿ ಒಂದೇ ಒಲೆಗೆ ಎರಡು ಹಂಡೆ ಕೂರಿಸೋದು ಅಂತ ಮಾತಾಡಿಕೊಂಡಿದ್ದೇವೆ. ಮುಂದಿನ ಹಂಡೆಯಲ್ಲಿ ಅಡಿಕೆ ಬೇಯುವಾಗ ಹಿಂದಿನದರಲ್ಲಿ ಮುಂದಿನ ಸರದಿಯ ಚೊಗರು (ಅಡಿಕೆ ಬೇಯಿಸುವ ಕೆಂಪು ರಸ) ಹೊಗೆಯ ಬಿಸಿಗೇ ಕಾಯುತ್ತಿರಬೇಕು. ಜಂಬಿಟ್ಟಿಗೆ ಬಂದು ಅಂಗಳದಲ್ಲಿ ಬಿದ್ದಿದೆ. ಜಾಲರಿಗೆ ಸರಳು ತರಬೇಕು. ದೀಪಾವಳಿಯೊಳಗೆ ಒಲೆ ಎದ್ದು ನಿಲ್ಲಬೇಕು, ಆಮೇಲೆ ಅಡಿಕೆ ಕೊನೆ ಇಳಿಸುವ ಕೊನೆಗಾರರು ಬಂದುಬಿಡುತ್ತಾರೆ.