ಅಂವ ಸಿಗ್ಲಿ ಬಿಡ್ಲಿ, ಮೊದಲ ಫೋಟೋ ತೆಗಸ್ರಿ

‘ಅಕ್ಕಾರ, ಅಂವ ಸಿಗ್ಲಿ ಬಿಡ್ಲಿ, ಮೊದಲ ಆ ಫೋಟೋ ತೆಗಸ್ರಿ.’ ವಿಜಯಪುರದಲ್ಲಿ ಡಿಗ್ರಿ ಓದುವ ಹುಡುಗಿಯೊಬ್ಬಳು ನನ್ನೆದುರು ಕೂತು ಹೇಳಿದ ಮಾತಿದು. ಯಾರದೋ ಮೈಗೆ ಅವಳ ಮುಖ ಅಂಟಿಸಿ ರಾತ್ರಿ ಇಂಟರ್ನೆಟ್ಟಿಗೆ ಹಾಕಿದ್ದರು. ಮುಂಜಾನೆ ಹೊತ್ತಿಗೆ ಅವರ ಹಳ್ಳಿಯಲ್ಲಿ ಹಾಲು ಹಾಕುವವನ ಫೋನಿಗೂ ಬಂದಿತ್ತು. ಊರ ಹತ್ತಿರದ ಠಾಣೆಯ ಪಿಎಸ್‌ಐ ‘ಜಿಲ್ಲಾ ಸಿಇಎನ್ ಠಾಣೆಗೆ ಹೋಗ್ರಿ’ ಎಂದರು (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಠಾಣೆ ಅದು). ಸಾಗಹಾಕಿದರು ಅನ್ನಿಸಿತು. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಂ ಪ್ರಕಾರ ತನಿಖೆಗೆ ಕನಿಷ್ಠ ಇನ್‌ಸ್ಪೆಕ್ಟರ್ ದರ್ಜೆಯವರೇ ಬೇಕು, ಪಿಎಸ್‌ಐ ಅದಕ್ಕಿಂತ ಕೆಳಗಿನವರು.

2000ದಲ್ಲಿ ಆ ಕಾಯ್ದೆ ಬಂದದ್ದು ಮುಖ್ಯವಾಗಿ ಆನ್‌ಲೈನ್ ವ್ಯಾಪಾರಕ್ಕೆ, ಡಿಜಿಟಲ್ ಸಹಿಗೆ. 67ನೇ ಕಲಂ ಅಶ್ಲೀಲವೇ ಎಂದು ಕೇಳುತ್ತಿತ್ತು. ಹುಡುಗಿ ಒಪ್ಪಿದ್ದಳೇ ಎಂದು ಕೇಳುತ್ತಿರಲಿಲ್ಲ. 2008ರ ತಿದ್ದುಪಡಿ ಖಾಸಗಿತನ ಕಾಯುವ 66ಇ ತಂತು, ಜೊತೆಗೆ ಆನ್‌ಲೈನಿನಲ್ಲಿ ಬರೆದವರ ಬಾಯಿ ಮುಚ್ಚಿಸಲು ಬಳಕೆಯಾದ 66ಎ ಕೂಡ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ 66ಎ ರದ್ದು ಮಾಡಿತು. ಸತ್ತ ಕಲಮಿನಡಿ ಕೇಸು ಜಡಿಯುವುದು ನಿಲ್ಲದೆ, 2022ರಲ್ಲಿ ಕೋರ್ಟು ಮತ್ತೆ ಗದರಬೇಕಾಯಿತು. ಆನ್‌ಲೈನಿನಲ್ಲಿ ಬೆನ್ನು ಹತ್ತುವುದು ಅಪರಾಧವಾದದ್ದು 2013ರಲ್ಲಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. (ಇದೂ 78! ದೂರು ಬರೆಯುವಾಗ ಯಾವ ಕಾಯ್ದೆಯದು ಎಂದು ನಮೂದಿಸಿ.)

ಒಪ್ಪಿಗೆಯ ಪ್ರಶ್ನೆಯನ್ನು ಫಿಲಿಪ್ಪೀನ್ಸ್ 2009ರಲ್ಲೇ ಎತ್ತಿತ್ತು: ವಿಡಿಯೋ ತೆಗೆಯಲು ಒಪ್ಪಿದ್ದರೂ ಹಂಚಲು ಲಿಖಿತ ಒಪ್ಪಿಗೆ ಬೇಕು. ಮೆಕ್ಸಿಕೋದಲ್ಲಿ ಒಲಿಂಪಿಯಾ ಕೋರಲ್ ಮೆಲೊ ಎಂಬಾಕೆಯ ಖಾಸಗಿ ವಿಡಿಯೋ ಊರೆಲ್ಲ ಹರಿದಾಡಿತ್ತು. ಆಕೆ ಹಟ ಹಿಡಿದು ಹೋರಾಡಿದ ಫಲವಾಗಿ ಒಂದೊಂದೇ ರಾಜ್ಯ ಕಾನೂನು ಮಾಡಿ, 2021ರಲ್ಲಿ ಅದು ಇಡೀ ದೇಶದ್ದಾಯಿತು. ಜನ ಅದನ್ನು ಕರೆಯುವುದೇ ಒಲಿಂಪಿಯಾ ಕಾನೂನು ಎಂದು.

ನಮ್ಮ ಹುಡುಗಿ ಕೇಳಿದ್ದಕ್ಕೆ, ಅಂದರೆ ಬೇಗ ತೆಗೆಸುವುದಕ್ಕೆ, ಕಾನೂನುಗಳು ಗಡಿಯಾರ ನೋಡತೊಡಗಿದ್ದು ಈಚೆಗೆ. ಜರ್ಮನಿ 2017ರಲ್ಲಿ ಸಾಮಾಜಿಕ ಜಾಲತಾಣದ ಕಂಪನಿಗಳ ಮೇಲೆ, ಮೇಲ್ನೋಟಕ್ಕೇ ಕಾನೂನುಬಾಹಿರವಾದದ್ದನ್ನು ತೆಗೆಯಲು 24 ಗಂಟೆಯ ಗಡುವು ಹೇರಿತು, ತಪ್ಪಿದರೆ 5 ಕೋಟಿ ಯೂರೋವರೆಗೆ ದಂಡ. ಇಂಥ ಫೋಟೋಗಳಿಗೆ ಭಾರತದ 2021ರ ನಿಯಮಗಳೂ ಆಗ 24 ಗಂಟೆ ಎಂದಿದ್ದವು. ಅಮೆರಿಕ 48 ಗಂಟೆಯ ಕಾನೂನು ಮಾಡಿದ್ದು 2025ರಲ್ಲಿ.

ದಕ್ಷಿಣ ಕೊರಿಯಾ 2024ರಲ್ಲಿ ಇನ್ನೂ ಮುಂದೆ ಹೋಯಿತು: ಇಂಥ ಡೀಪ್‌ಫೇಕ್ (ಮುಖ ಅಂಟಿಸಿದ ನಕಲಿ ಫೋಟೋ, ವಿಡಿಯೋ) ನೋಡಿದರೆ, ಇಟ್ಟುಕೊಂಡರೆ 3 ವರ್ಷದವರೆಗೆ ಜೈಲು. ಅಲ್ಲಾಗಿದ್ದರೆ ಹಾಲಿನವನಿಗೂ ಪೊಲೀಸರಿಂದ ಕರೆ ಬರುತ್ತಿತ್ತೇನೊ. ನಮ್ಮಲ್ಲಿ ಮುಂದಕ್ಕೆ ಕಳಿಸಿದರೆ ಅಪರಾಧ. ಅವನು ಕಳಿಸಿದ್ದನೋ ಇಲ್ಲವೋ, ಹುಡುಗಿಯ ಅವ್ವ ಈಗ ಹಾಲನ್ನು ಬೇರೆ ಕಡೆಯಿಂದ ತರಿಸುತ್ತಾಳೆ.