ಉದ್ದ ಕರುಳಿನವರ ಬೆಳಗು

"ಮೋಶನ್ ಆಗಿ ನಾಲ್ಕು ದಿನ ಆಯ್ತು" ಅಂತ ಇನ್ನೊಬ್ಬರ ಹತ್ತಿರ ಹೇಳಿಕೊಳ್ಳುವುದೇ ಕಷ್ಟ. ಹೇಳಿದರೂ ಬರುವ ಉತ್ತರ ಗೊತ್ತಿರುವುದೇ ಅಲ್ವಾ? ನೀರು ಜಾಸ್ತಿ ಕುಡಿ, ಸೊಪ್ಪು ತಿನ್ನು, ನಡೆದಾಡು. ಇದನ್ನೆಲ್ಲ ವರ್ಷಗಟ್ಟಲೆ ಮಾಡಿಯೂ ಹೊಟ್ಟೆ ಬಿಗಿದುಕೊಂಡೇ ಇರುವವರಿದ್ದಾರೆ. ಅವರನ್ನು ಸೋಮಾರಿಗಳು ಅನ್ನುವುದು ಅನ್ಯಾಯ. ಅವರಲ್ಲಿ ಕೆಲವರ ದೊಡ್ಡ ಕರುಳೇ ಉಳಿದವರದಕ್ಕಿಂತ ಉದ್ದ.

ದೊಡ್ಡ ಕರುಳು ಸಾಮಾನ್ಯವಾಗಿ 1.5 ಮೀಟರ್ ಆಸುಪಾಸು ಇರುತ್ತದೆ. ಹೊಟ್ಟೆಯ ಬಲಗಡೆ ಮೇಲೇರಿ, ಅಡ್ಡ ಹಾದು, ಎಡಗಡೆ ಇಳಿದು, ಗುದನಾಳ ಸೇರುವ ಮುಂಚೆ ಒಂದು ಸೊಟ್ಟ ತಿರುವು ಹಾಕುತ್ತದೆ. ಕರುಳು ಉದ್ದ ಇದ್ದವರಲ್ಲಿ ಈ ತಿರುವೇ ದೊಡ್ಡ ಕುಣಿಕೆಯಾಗಿ ಹೊಟ್ಟೆಯ ಮೇಲ್ಭಾಗದವರೆಗೂ ಹೋಗಿರಬಹುದು. ಅಡ್ಡ ಭಾಗ ಜೋತು ಕಿಬ್ಬೊಟ್ಟೆಗೆ ಇಳಿದಿರಬಹುದು. ರಿಪೋರ್ಟಿನಲ್ಲಿ ಇದಕ್ಕೆ 'ರಿಡಂಡೆಂಟ್ ಕೋಲನ್' ಅಥವಾ 'ಡಾಲಿಕೋಕೋಲನ್' ಅಂತ ಬರೆದಿರುತ್ತಾರೆ.

ಕಷ್ಟ ಇರುವುದು ನೀರಿನ ಲೆಕ್ಕದಲ್ಲಿ. ಸಣ್ಣ ಕರುಳಿನಿಂದ ದಿನಕ್ಕೆ ಸುಮಾರು 1.5 ಲೀಟರ್ ತೆಳು ರಸ ದೊಡ್ಡ ಕರುಳಿಗೆ ಬರುತ್ತದೆ. ಮಲದ ಜತೆ ಹೊರಹೋಗುವ ನೀರು 100-150 ಮಿಲಿಲೀಟರ್ ಅಷ್ಟೆ. ಉಳಿದದ್ದನ್ನು ಕರುಳಿನ ಗೋಡೆ ಹೀರಿಕೊಳ್ಳುತ್ತದೆ. ದಾರಿ ಉದ್ದವಾಗಿ ಮಲ ಒಳಗೇ ನಿಂತರೆ ಹೀರುವುದೂ ನಿಲ್ಲುವುದಿಲ್ಲ. ಕೊನೆಗೆ ಉಳಿಯುವುದು ಒಣಗಿದ ಗಟ್ಟಿ ಉಂಡೆಗಳು. ಸುಮ್ನೆ ಚೊಂಬುಗಟ್ಟಲೆ ನೀರು ಕುಡಿದರೆ ಅದರ ಬಹುಪಾಲು ಸಣ್ಣ ಕರುಳಿನಲ್ಲೇ ರಕ್ತಕ್ಕೆ ಸೇರಿ ಮೂತ್ರವಾಗಿ ಹೋಗುತ್ತದೆ.

ಆದರೆ ಉದ್ದವೊಂದೇ ಕಾರಣ ಅನ್ನುವಂತಿಲ್ಲ. ಉದ್ದ ಕರುಳಿದ್ದೂ ಆರಾಮಾಗಿರುವವರು ಬೇಕಾದಷ್ಟಿದ್ದಾರೆ. ಕರುಳು ಎಷ್ಟು ನಿಧಾನ ಅಂತ ತಿಳಿಯಲು ಒಂದು ಸರಳ ಪರೀಕ್ಷೆಯಿದೆ. 24 ಪುಟ್ಟ ಉಂಗುರಗಳಿರುವ ಕ್ಯಾಪ್ಸೂಲ್ ನುಂಗಿಸಿ, ಐದನೇ ದಿನ ಹೊಟ್ಟೆಯ ಎಕ್ಸ್‌ರೇ ತೆಗೆಯುತ್ತಾರೆ. ಐದಕ್ಕಿಂತ ಜಾಸ್ತಿ ಉಂಗುರ ಒಳಗೇ ಉಳಿದಿದ್ದರೆ ಸಾಗಣೆ ನಿಧಾನ ಅಂತ ಅರ್ಥ. ಅವು ಎಲ್ಲೆಂದರಲ್ಲಿ ಚೆದುರಿದ್ದರೆ ಇಡೀ ಕರುಳೇ ಮಂದ. ಎಲ್ಲ ಗುದದ ಹತ್ತಿರ ಗುಂಪುಗೂಡಿದ್ದರೆ, ಸಡಿಲವಾಗಬೇಕಾದ ಹೊತ್ತಿನಲ್ಲಿ ಅಲ್ಲಿನ ಸ್ನಾಯು ಬಿಗಿಯುತ್ತಿರಬಹುದು. ಆ ಸ್ನಾಯುವನ್ನು ಸಡಿಲಿಸಲು ಕಲಿಸುವ ಬಯೋಫೀಡ್‌ಬ್ಯಾಕ್ ಅನ್ನುವ ತರಬೇತಿಯಿಂದ ಎಷ್ಟೋ ಜನರಿಗೆ ಗುಣ ಕಂಡಿದೆ. ವರ್ಷಗಟ್ಟಲೆ ಊಹೆಯಲ್ಲೇ ಔಷಧಿ ನುಂಗುವ ಬದಲು ಈ ಒಂದು ಎಕ್ಸ್‌ರೇ ಬಗ್ಗೆ ಡಾಕ್ಟರನ್ನು ಕೇಳಿ.

ಹಿಂದೆ ಹೀಗೆ ನೋಡಿ ತೀರ್ಮಾನಿಸುತ್ತಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಸರ್ಜನ್ ವಿಲಿಯಂ ಆರ್ಬತ್‌ನಾಟ್ ಲೇನ್, ನಿಂತ ಮಲ ಮೈಗೆಲ್ಲ ವಿಷ ಹರಡುತ್ತದೆ ಅಂತ ನಂಬಿ, ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಆ ನಂಬಿಕೆ ಬಿದ್ದುಹೋಯಿತು. ಈಗ ಆಪರೇಷನ್ ಏನಿದ್ದರೂ ಕಟ್ಟಕಡೆಯ ದಾರಿ.

ನಾರಿನ ವಿಷಯದಲ್ಲೂ ಎಚ್ಚರ ಬೇಕು. ಕರುಳು ಮಂದವಾಗಿದ್ದರೆ ಒರಟು ತೌಡು ಜಾಸ್ತಿ ತಿಂದಷ್ಟೂ ಉಬ್ಬರ ಹೆಚ್ಚಬಹುದು. ನೀರಲ್ಲಿ ಲೋಳೆಯಾಗುವ ಇಸಬಗೋಲಿನಂಥ ನಾರು ಮೆತ್ತಗೆ ಕೆಲಸ ಮಾಡುತ್ತದೆ. ಅದನ್ನೂ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಮಲ ಮೆತ್ತಗಾಗಿಸಲು ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ರಕ್ತಕ್ಕೆ ಹೆಚ್ಚುಕಡಿಮೆ ಸೇರುವುದೇ ಇಲ್ಲ. ನೀರನ್ನು ಹಿಡಿದಿಟ್ಟುಕೊಂಡು ಮಲದ ಜತೆಗೇ ಸಾಗುತ್ತದೆ. ಡಾಕ್ಟರು ಇದನ್ನು ದಿನಾ ತಗೊಳ್ಳಿ ಅಂದರೆ ನಾಚಿಕೆಪಡಬೇಕಿಲ್ಲ.

ಒಂದು ಅಪಾಯ ಮಾತ್ರ ನೆನಪಿರಲಿ. ಉದ್ದದ ಕುಣಿಕೆ ಅಪರೂಪಕ್ಕೆ ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತದೆ. ಹೊಟ್ಟೆ ಇದ್ದಕ್ಕಿದ್ದಂತೆ ಉಬ್ಬಿ, ನೋವು ಜೋರಾಗಿ, ಗ್ಯಾಸೂ ಹೋಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಲದಲ್ಲಿ ರಕ್ತ ಕಂಡರೆ, ತೂಕ ಕಾರಣವಿಲ್ಲದೆ ಇಳಿದರೆ ಅದನ್ನೂ ತೋರಿಸಿಕೊಳ್ಳಬೇಕು.

ಇನ್ನು ಬೆಳಗಿನ ಮಾತು. ಎದ್ದಾಗ, ತಿಂಡಿ ತಿಂದಾಗ ದೊಡ್ಡ ಕರುಳು ತಾನಾಗಿ ಜೋರಾಗಿ ಹಿಂಡಿಕೊಳ್ಳುತ್ತದೆ. ಆಗ ಬರುವ ಒತ್ತಡವನ್ನು ತಡೆದರೆ ಅದು ಅಡಗಿಬಿಡುತ್ತದೆ. ಆಗಲೇ ಹೋಗಿ ಕೂರಿ. ಕಮೋಡ್ ಆದರೆ ಕಾಲಡಿಗೆ ಒಂದು ಗಿಡ್ಡ ಸ್ಟೂಲ್ ಇಟ್ಟುಕೊಳ್ಳಿ. ಮಂಡಿ ಸೊಂಟಕ್ಕಿಂತ ಮೇಲೆ ಬಂದಾಗ ಗುದನಾಳವನ್ನು ಬಾಗಿಸಿ ಹಿಡಿದಿರುವ ಸ್ನಾಯು ಸಡಿಲವಾಗಿ ದಾರಿ ನೇರವಾಗುತ್ತದೆ. ತಿಣುಕಬೇಡಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಿ, ನಾಳೆ ಅದೇ ಹೊತ್ತಿಗೆ ಮತ್ತೆ ಕೂರಿ. ಆ ಹತ್ತು ನಿಮಿಷ ಮನೆಯವರು ಬಾಗಿಲು ಬಡಿಯದಿದ್ದರೆ ಅದೇ ದೊಡ್ಡ ಸಹಾಯ.